ಅರ ಹಾಕಿ ಕೆಡಿಸಿದ ಗುರಿಕಡ್ಡಿ

ನವೆಂಬರ್ ಮಧ್ಯದಲ್ಲಿ ಜಿಂಕೆ ಬೇಟೆ ಶುರುವಾದರೆ ಡೆಟ್ರಾಯಿಟ್‌ನಲ್ಲಿ ಉಕ್ಕಿನ ಅಚ್ಚು ಮಾಡುವ ನಮ್ಮ ಡೈ ಶಾಪ್ ಖಾಲಿಯಾಗುತ್ತಿತ್ತು. ಹದಿನೆಂಟು ಜನರಲ್ಲಿ ಹದಿನಾರು ಜನ ಬಂದೂಕು ಹಿಡಿದು ಉತ್ತರಕ್ಕೆ ಹೋಗುತ್ತಿದ್ದರು. ಉಳಿಯುತ್ತಿದ್ದವರು ಫೋರ್‌ಮನ್ ಮತ್ತು ನಾನು. ಫೋರ್‌ಮನ್ ತನ್ನ ಗಾಜಿನ ಕೋಣೆ ಬಿಟ್ಟು ಬರುತ್ತಿರಲಿಲ್ಲ. ಅಂಥ ಎರಡು ನವೆಂಬರ್ ಕಳೆದೆ. ಇಡೀ ಶೆಡ್ಡಿನಲ್ಲಿ ನನ್ನ ಲೇತ್ ಒಂದೇ ತಿರುಗುವ ಸದ್ದು ಕೇಳಿಕೊಂಡು ಬುತ್ತಿ ಬಿಚ್ಚಿ ತಿನ್ನುವುದು ಹೇಗಿರುತ್ತದೆ ಎಂದು ಆಗ ಗೊತ್ತಾಯಿತು.

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಬೆಂಗಳೂರಿನ ಟೂಲ್‌ರೂಮಿಗೆ ಸೇರಿದವನು. ಕೈಕೆಲಸದ ಬಲದಿಂದಲೇ ಈ ದೇಶಕ್ಕೆ ಬಂದೆ. ಯುಗಾದಿಗೆ ಯಾರದೋ ಮನೆಯಲ್ಲಿ ಕನ್ನಡದವರು ಸೇರುತ್ತಿದ್ದರು, ಎಲ್ಲ ಡಾಕ್ಟರು, ಎಂಜಿನಿಯರು. ಯಾವ ಯೂನಿವರ್ಸಿಟಿ ಎಂದು ಕೇಳುವರು. ನಾನು ಲೇತ್ ಮೇಲೆ ಕೆಲಸ ಮಾಡುತ್ತೇನೆ ಎಂದಾಗ ಒಳ್ಳೆಯ ಮಾತೇ ಆಡಿ, ಇನ್ನೊಬ್ಬರ ಕಡೆ ತಿರುಗುವರು. ಹೋಳಿಗೆ ತಿಂದು ಬೇಗ ಎದ್ದು ಬರುತ್ತಿದ್ದೆ. ನನ್ನ ಬೆಲೆ ಗೊತ್ತಿದ್ದದ್ದು ಶಾಪಿನಲ್ಲಿ ಮಾತ್ರ. ಅಲ್ಲಿ ಕಷ್ಟದ ಡೈ ಬಂದರೆ ನನ್ನ ಬೆಂಚಿಗೇ ಬರುತ್ತಿತ್ತು.

ಪಕ್ಕದ ಗ್ರೈಂಡಿಂಗ್ ಮೆಷಿನ್ನಿನಲ್ಲಿ ಪೋಲೆಂಡ್ ಕಡೆಯ ಹಿರಿಯರೊಬ್ಬರಿದ್ದರು. ಮೊದಮೊದಲು ಅವರನ್ನು ಸಾರ್ ಎನ್ನುತ್ತಿದ್ದೆ. 'ಸಾರ್ ಅನ್ನೋದು ಆ ಗಾಜಿನ ರೂಮಲ್ಲಿ ಕೂತೋನಿಗೆ. ನಾನು ದುಡಿದು ತಿನ್ನೋನು' ಎಂದು ಎಲ್ಲರ ಎದುರಿಗೇ ನನ್ನನ್ನು ಆಡಿಕೊಂಡಿದ್ದರು. ಮೂರನೇ ವರ್ಷ ಸೆಪ್ಟೆಂಬರಿನಲ್ಲಿ ಅವರೇ, ಈ ಸಲ ನೀನೂ ಮೂರು ದಿನದ ಬೇಟೆ ಕ್ಯಾಂಪಿಗೆ ಬಾ ಎಂದರು. ಒಂದು ಷರತ್ತು: ನೂರು ಗಜ ದೂರದ ಪೇಪರ್ ತಟ್ಟೆಗೆ ಐದಕ್ಕೆ ಐದು ಗುಂಡು ಬೀಳಬೇಕು. ಹಾಗೆ ಹೊಡೆಯಲಾಗದವನನ್ನು ಅವರ ಕ್ಯಾಂಪಿಗೆ ಸೇರಿಸುವುದಿಲ್ಲ.

ಜಿಂಕೆ ಹೊಡೆಯುವ ಆಸೆ ನನಗೆ ಒಂದಿಷ್ಟೂ ಇರಲಿಲ್ಲ. ಆ ಮೂರು ದಿನ ಅವರ ಜೊತೆ ಒಂದೇ ಒಲೆಯ ಸುತ್ತ ಕೂತಿರಬೇಕು, ಅಷ್ಟೇ ಬೇಕಾಗಿತ್ತು.

ಹಾರ್ಡ್‌ವೇರ್ ಅಂಗಡಿಯಲ್ಲಿ ಯಾವುದೋ ಯೂರೋಪಿನ ಸೈನ್ಯ ಬಿಟ್ಟುಕೊಟ್ಟ ಹಳೆಯ ರೈಫಲ್‌ಗಳನ್ನು ಪೊರಕೆಗಳ ಹಾಗೆ ಒಂದು ಪೀಪಾಯಿಯಲ್ಲಿ ನಿಲ್ಲಿಸಿದ್ದರು. ನಳಿಗೆ ನೋಡಿ ಒಂದನ್ನು ಆರಿಸಿ ತಂದೆ. ಮೆತ್ತಿದ್ದ ಗ್ರೀಸನ್ನು ಸೀಮೆಎಣ್ಣೆ ಹಾಕಿ ತೆಗೆಯುವುದಕ್ಕೆ ಎರಡು ಸಂಜೆ ಹಿಡಿಯಿತು. ಗುರಿ ನೋಡಲು ಗಾಜುಗೀಜು ಏನೂ ಇಲ್ಲ. ಹಿಂದೆ ಒಂದು ಕಚ್ಚು, ನಳಿಗೆಯ ತುದಿಯಲ್ಲಿ ನೆಟ್ಟಗೆ ನಿಂತ ಉಕ್ಕಿನ ಪುಟ್ಟ ಕಡ್ಡಿ. ಕಚ್ಚಿನ ನಡುವೆ ಕಡ್ಡಿ ಕಾಣಬೇಕು, ಕಡ್ಡಿಯ ನೆತ್ತಿಯ ಮೇಲೆ ತಟ್ಟೆ ಕೂರಬೇಕು.

ಭಾನುವಾರ ಹಿರಿಯರು ನನ್ನನ್ನು ಜಲ್ಲಿ ತೆಗೆದ ಒಂದು ಹಳ್ಳಕ್ಕೆ ಕರೆದುಕೊಂಡು ಹೋದರು. ಐದು ಗುಂಡು ಹೊಡೆದೆ. ಐದೂ ಅಂಗೈಯಗಲದಲ್ಲಿ ಬಿದ್ದಿದ್ದವು, ಆದರೆ ತಟ್ಟೆ ಅಂಟಿಸಿದ್ದ ರಟ್ಟಿನಲ್ಲಿ, ತಟ್ಟೆಗಿಂತ ಒಂದು ಅಡಿ ಮೇಲೆ. ಕೈ ನೆಟ್ಟಗಿದೆ, ಇದು ದೂರದ ಸಿಪಾಯಿಗಳನ್ನು ಹೊಡೆಯಲು ಕಟ್ಟಿದ ಗುರಿ, ಕಡ್ಡಿ ಸರಿಮಾಡಬೇಕು ಎಂದರು. ಆಮೇಲೆ ಕೇಳಿದರು:

'ಹೇಗೆ ಮಾಡೋದು ಗೊತ್ತು ತಾನೇ?'

'ಗೊತ್ತು' ಎಂದೆ.

ಗೊತ್ತಿರಲಿಲ್ಲ. ಆದರೆ ಆ ಶಾಪಿನವರು ಯಾರೂ ನನ್ನ ಬಾಯಿಂದ ಗೊತ್ತಿಲ್ಲ ಎನ್ನುವ ಮಾತು ಕೇಳಿರಲಿಲ್ಲ.

ಆ ವಾರವೇ ಆಯುಧಪೂಜೆ ಬಂತು. ಬಾಡಿಗೆ ಕೋಣೆಯ ಮೇಜಿನ ಮೇಲೆ ನನ್ನ ಮೈಕ್ರೋಮೀಟರ್, ಅರಗಳು, ರೈಫಲ್ ಎಲ್ಲ ಜೋಡಿಸಿ ಕುಂಕುಮ ಇಟ್ಟೆ. ಅಮ್ಮ ಕಳಿಸಿದ್ದ ಕರ್ಪೂರ ಹಚ್ಚಿ ಆರತಿ ಎತ್ತುವಾಗ ಹೊಗೆ ತಾಗಿ ಗುರಿಕಡ್ಡಿ ಕಾಡಿಗೆಯ ಹಾಗೆ ಕಪ್ಪಾಯಿತು. ಹೊಳಪು ಹೋಗಿ ಅಂಚು ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ, ದೇವರ ಮುಂದೆಯೇ ಒಂದು ಕಣ್ಣು ಮುಚ್ಚಿ ನೋಡಿದೆ. ಅಂದು ಆಯುಧ ಮುಟ್ಟುವಂತಿಲ್ಲ. ಮಾರನೇ ದಿನ ರೈಫಲನ್ನು ವೈಸಿನ ಇಕ್ಕಳಕ್ಕೆ ಬಿಗಿದೆ.

ಅಳತೆ ಹೆಚ್ಚಾದರೆ ಲೋಹ ತೆಗೆ: ಇಪ್ಪತ್ತು ವರ್ಷ ನನ್ನ ಕೈ ಕಲಿತದ್ದು ಅದನ್ನೇ. ಗುಂಡು ಮೇಲಕ್ಕೆ ಹೋಗುತ್ತಿದೆ, ಕಡ್ಡಿ ಎತ್ತರವಾಗಿದೆ, ಇಳಿಸು. ಅರ ಹಾಕಿದೆ. ಶನಿವಾರ ಒಬ್ಬನೇ ಹಳ್ಳಕ್ಕೆ ಹೋಗಿ ಹೊಡೆದರೆ ಗುಂಡುಗಳು ಇನ್ನೂ ಮೇಲೆ. ಸಾಲದು ಎಂದುಕೊಂಡು, ಕಾರಿನ ಬಾನೆಟ್ ಮೇಲೆ ರೈಫಲ್ ಇಟ್ಟು ಅಲ್ಲೇ ಮತ್ತೆ ಉಜ್ಜಿದೆ. ಈ ಸಲ ರಟ್ಟಿನಲ್ಲಿ ಒಂದು ತೂತೂ ಇಲ್ಲ. ಮನೆಗೆ ಬರುವಾಗ, ಟ್ರಾಫಿಕ್ ಲೈಟಿನಲ್ಲಿ ನಿಂತಿದ್ದಾಗ, ತಲೆಗೆ ಹೊಳೆಯಿತು. ಕಡ್ಡಿ ಕುಳ್ಳಗಾದಷ್ಟೂ ಅದನ್ನು ಕಚ್ಚಿಗೆ ಸರಿಹೊಂದಿಸಲು ನಳಿಗೆಯ ಮೂತಿಯನ್ನು ಎತ್ತಬೇಕು. ಮೂತಿ ಎತ್ತಿದರೆ ಗುಂಡು ಮೇಲಕ್ಕೇ ಹೋಗುತ್ತದೆ. ಬೇಕಾಗಿದ್ದದ್ದು ಎತ್ತರದ ಕಡ್ಡಿ. ನಾನು ಇದ್ದದ್ದನ್ನೂ ಉಜ್ಜಿ ಹಾಕಿದ್ದೆ.

ಹಿರಿಯರಿಗೆ ಹೋಗಿ ಹೇಳಿದ್ದರೆ ಅರ್ಧ ನಿಮಿಷದ ಮಾತು. ಹೇಳಲಿಲ್ಲ. ಕ್ಯಾಂಪಿಗೆ ಹೊರಡುವ ವಾರದವರೆಗೂ ತಟ್ಟೆಯ ಪರೀಕ್ಷೆಯನ್ನು ಇವತ್ತು ನಾಳೆ ಎಂದು ಮುಂದೂಡಿ, ಕೊನೆಗೆ ಫೋರ್‌ಮನ್ ಓವರ್‌ಟೈಮ್ ಹಾಕಿದ್ದಾನೆ, ಬರಲಾಗುವುದಿಲ್ಲ ಎಂದೆ. ಹಿರಿಯರು ನನ್ನ ಮುಖವನ್ನೇ ನೋಡಿ, ಆಗಲಿ ಎಂದಷ್ಟೇ ಅಂದು ಕೈ ಒರೆಸಿಕೊಂಡರು.

ಖಾಲಿ ಶಾಪಿನಲ್ಲಿ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಹೊಸ ಕಡ್ಡಿ ಮಾಡಿದೆ. ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಎತ್ತರವೇ ಬಿಟ್ಟೆ. ಭಾನುವಾರ ಜಲ್ಲಿಹಳ್ಳಕ್ಕೆ ಹೋದೆ. ಬಂದೂಕು ಇರುವವರೆಲ್ಲ ಕಾಡಿನಲ್ಲಿದ್ದರು, ಅಲ್ಲಿ ನರಪಿಳ್ಳೆ ಇರಲಿಲ್ಲ. ಕರ್ಪೂರ ಹಚ್ಚಿ ಕಡ್ಡಿಗೆ ಹೊಗೆ ಹಿಡಿದೆ. ಗುಂಡು ಕೆಳಗೆ ಬಿತ್ತು. ಎರಡೇ ಎರಡು ಸಲ ಅರ ಎಳೆದೆ. ಆಮೇಲಿನ ಐದೂ ತಟ್ಟೆಯೊಳಗೆ. ತಟ್ಟೆ ಕೈಯಲ್ಲಿ ಹಿಡಿದು ಹಿಂದಕ್ಕೆ ತಿರುಗಿ ನೋಡಿದೆ. ಯಾರಿಗೆ ತೋರಿಸಲು ಎಂದು ಇವತ್ತಿಗೂ ಗೊತ್ತಿಲ್ಲ.

ಅವರೆಲ್ಲ ವಾಪಸಾದ ದಿನ ಹಿರಿಯರು ನನ್ನ ಬೆಂಚಿಗೆ ಬಂದರು. ಸ್ಕ್ರೂಗಳ ಡಬ್ಬಿಯಲ್ಲಿ ಬಿದ್ದಿದ್ದ ಹಳೆಯ ಮೋಟು ಕಡ್ಡಿ ಅವರ ಕಣ್ಣಿಗೆ ಬಿತ್ತು. ಎತ್ತಿ ಬೆಳಕಿಗೆ ಹಿಡಿದರು.

'ಅರ ಹಾಕಿದೆಯಾ?'

'ಹೂಂ.'

'ನನ್ನ ಮೊದಲನೇ ಬಂದೂಕಿಗೆ ನಾನೂ ಹಾಕಿದ್ದೆ. ಕೇಳಿದ್ರೆ ನಿನ್ನ ತಿಂದುಬಿಡ್ತಿದ್ನಾ? ಮೂರು ದಿನ ಕ್ಯಾಂಪಲ್ಲಿ ನಿನ್ನ ಮಂಚ ಖಾಲಿ ಇತ್ತು. ಇನ್ನೊಬ್ಬ ಬರ್ತೀನಿ ಅಂದ, ಬೇಡ ಅಂದಿದ್ದೆ.'

ಟೂಲ್‌ಬಾಕ್ಸಿನ ಕೆಳಗಿನ ಡ್ರಾಯರಿನಿಂದ ಆ ಪೇಪರ್ ತಟ್ಟೆ ತೆಗೆದು ಅವರ ಮುಂದಿಟ್ಟೆ. ಒಂದೊಂದು ತೂತಿನ ಮೇಲೂ ಬೆರಳಿಟ್ಟು ನೋಡಿದರು.

'ಜೊತೇಲಿ ಯಾರಿದ್ರು?'

'ಯಾರೂ ಇಲ್ಲ.'

'ಹಾಗಾದ್ರೆ ಇದು ಲೆಕ್ಕಕ್ಕಿಲ್ಲ' ಎಂದರು. ನಗಲಿಲ್ಲ, ಬೈಯಲೂ ಇಲ್ಲ. 'ನನ್ನ ಎದುರಿಗೆ ಹೊಡಿ, ಆಮೇಲೆ ಮಾತು.'

ಆ ವಾರವೇ ಹಿಮ ಬಿದ್ದು ಹಳ್ಳದ ದಾರಿ ಮುಚ್ಚಿತು. ಹಿಮ ಕರಗುವ ಹೊತ್ತಿಗೆ ಅವರು ರಿಟೈರಾಗಿ ದೂರದ ರಾಜ್ಯದಲ್ಲಿದ್ದ ಮಗಳ ಮನೆಗೆ ಹೊರಟುಹೋದರು. ಮುಂದಿನ ನವೆಂಬರಿನಲ್ಲಿ ಉಳಿದವರು ಎಂದಿನಂತೆ ಉತ್ತರಕ್ಕೆ ಹೋದರು. ಯಾರೂ ಕರೆಯಲಿಲ್ಲ. ನಾನೂ ಬರುತ್ತೇನೆ ಎಂದು ಕೇಳಬಹುದಿತ್ತು. ಕೇಳಲಿಲ್ಲ.