ಗಾರ್ಲಂಡ್ ಸೆಟ್ಸರ್‌ಗೆ ಬೇಡವಾದ ಕಪ್

ಬ್ರಷಿ ಫೋರ್ಕ್ ಕಾರು ಓಟದ ಮೈದಾನದಲ್ಲಿ ಗಾರ್ಲಂಡ್ ಸೆಟ್ಸರ್‌ನನ್ನು ಕೋಪಿಷ್ಠ ಎಂದವರು ಮೊದಲು ಯಾರೂ ಇರಲಿಲ್ಲ. ಹಿಂದಿನ ಕಾರಿನವನು ಬೇಕೆಂದೇ ಗುದ್ದಿ ಗೋಡೆಗೆ ಒತ್ತಿದರೂ, ಪಂದ್ಯ ಮುಗಿದ ಮೇಲೆ ಹೆಲ್ಮೆಟ್ ತೆಗೆದು ತಲೆ ಕೆರೆದುಕೊಳ್ಳುತ್ತ, "ಪಾಪ, ಅವನಿಗೆ ಇವತ್ತು ಹೊಟ್ಟೆ ಸರಿ ಇರ್ಲಿಲ್ಲ ಅನ್ಸುತ್ತೆ" ಎಂದು ನಕ್ಕುಬಿಡುವ ಮನುಷ್ಯ. ವಾರವೆಲ್ಲ ಹಿಕರಿ ಎಂಬ ಊರಿನ ಕಾರ್ಖಾನೆಯಲ್ಲಿ ಸೋಫಾಗಳ ಮರದ ಚೌಕಟ್ಟು ಜೋಡಿಸುವುದು, ಶನಿವಾರ ಸಂಜೆ ಕಾರು ಓಡಿಸುವುದು, ಭಾನುವಾರ ಚರ್ಚಿನಲ್ಲಿ ತೂಕಡಿಸುವುದು. ಅವನ ಹೆಂಡತಿ ಟ್ವೈಲಾ ಊರ ಹೆಂಗಸರಿಗೆ ಕೂದಲು ಕತ್ತರಿಸುವವಳು. ಶನಿವಾರ ಮಾತ್ರ ಪ್ರೇಕ್ಷಕರು ಕೂರುವ ಸ್ಟ್ಯಾಂಡಿನ ಮಾಡು ಹತ್ತಿ ರೇಡಿಯೋ ಹಿಡಿದು ನಿಂತು, ಗಂಡನ ಕಣ್ಣಿಗೆ ಬೀಳದ ಕಾರುಗಳನ್ನು ಅವನ ಕಿವಿಗೆ ಹೇಳುತ್ತಿದ್ದಳು.

ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಶನಿವಾರವೂ ಎಷ್ಟನೆಯವನಾಗಿ ಬಂದೆ ಎಂಬುದರ ಮೇಲೆ ಪಾಯಿಂಟು. ಕೊನೆಗೆ ಯಾರ ಬಳಿ ಹೆಚ್ಚೋ ಅವನೇ ಚಾಂಪಿಯನ್. ಗಾರ್ಲಂಡನ ಅಪ್ಪನ ಕಾಲದಿಂದಲೂ ಅದೇ ನಡೆದು ಬಂದಿತ್ತು. ಆ ಲೆಕ್ಕದಲ್ಲಿ ಗಾರ್ಲಂಡ್ ಎಷ್ಟೋ ಸಲ ಎರಡನೆಯವನಾಗಿದ್ದ. ತನಗಿಂತ ಚೆನ್ನಾಗಿ ಓಡಿಸಿದವನ ಕೈ ಕುಲುಕಿ, ಮನೆಗೆ ಹೋಗಿ ನೆಮ್ಮದಿಯಾಗಿ ಮಲಗುತ್ತಿದ್ದ.

ಅವನು ಐವತ್ತು ದಾಟಿದ ಮೇಲೆ ಮೈದಾನವನ್ನು ರಾಯ್ಸ್ ಟೀಗ್ ಕೊಂಡುಕೊಂಡ. ರಾಯ್ಸ್ ಕೆಟ್ಟವನಲ್ಲ. ಎಲ್ಲರ ಹೆಸರೂ ಗೊತ್ತು, ಎಲ್ಲರ ಬೆನ್ನೂ ತಟ್ಟುತ್ತಿದ್ದ. ಆದರೆ ಆಗಸ್ಟ್ ಹೊತ್ತಿಗೆ ಚಾಂಪಿಯನ್ ಯಾರೆಂದು ತಿಳಿದುಹೋಗಿ ಸೆಪ್ಟೆಂಬರ್‌ನಲ್ಲಿ ಸ್ಟ್ಯಾಂಡು ಖಾಲಿ ಹೊಡೆಯುವುದನ್ನು ಅವನಿಂದ ನೋಡಲಾಗಲಿಲ್ಲ. ಟಿವಿಯಲ್ಲಿ ಬರುವ ದೊಡ್ಡ ಓಟಗಳ ಹಾಗೆ ಇಲ್ಲೂ ಪ್ಲೇಆಫ್ ಎಂದ. ಬೇಸಿಗೆಯ ಪಾಯಿಂಟಿನಲ್ಲಿ ಮೊದಲ ನಾಲ್ವರನ್ನು ಆರಿಸುವುದು, ಅವರ ಪಾಯಿಂಟನ್ನೆಲ್ಲ ಅಳಿಸಿ ಸಮ ಮಾಡುವುದು, ಕೊನೆಯ ಓಟದಲ್ಲಿ ಆ ನಾಲ್ವರಲ್ಲಿ ಯಾರು ಮುಂದೆ ಬರುತ್ತಾರೋ ಅವರಿಗೆ ಕಪ್. ಆ ಓಟದಲ್ಲಿ ಉಳಿದ ಕಾರುಗಳೂ ಎಂದಿನಂತೆ ಓಡುತ್ತವೆ.

ಆ ಬೇಸಿಗೆಯಲ್ಲೇ ಗಾರ್ಲಂಡ್‌ಗೆ ಜೀವಮಾನದಲ್ಲಿ ಸಿಗದ ಕಾರು ಸಿಕ್ಕಿತು. ತಿರುವಿನಲ್ಲಿ ಹೇಳಿದ ಮಾತು ಕೇಳುತ್ತಿತ್ತು, ನೇರದಲ್ಲಿ ಹಾರುತ್ತಿತ್ತು. ಜೂನ್, ಜುಲೈಗಳಲ್ಲಿ ಅವನನ್ನು ಹಿಡಿಯುವವರೇ ಇರಲಿಲ್ಲ. ಹಳೆಯ ಲೆಕ್ಕವಾಗಿದ್ದರೆ ಆಗಸ್ಟಿನಲ್ಲೇ ಕಪ್ ಅವನದು.

ಕೊನೆಯ ಓಟವನ್ನು ರಾಯ್ಸ್ ಶನಿವಾರದ ಬದಲು ಸೆಪ್ಟೆಂಬರಿನ ಒಂದು ಭಾನುವಾರ ಮಧ್ಯಾಹ್ನಕ್ಕೆ ಇಟ್ಟ. ಸ್ಟ್ಯಾಂಡು ತುಂಬಿತ್ತು. ಗಾರ್ಲಂಡ್ ಮುಂದಿದ್ದ, ಹಿಂದಿನವರಿಗೂ ಅವನಿಗೂ ಒಳ್ಳೆಯ ಅಂತರವಿತ್ತು. ಆಗ ಸುತ್ತುಗಟ್ಟಲೆ ಹಿಂದೆ ಬಿದ್ದಿದ್ದ, ಕಪ್ಪಿಗೂ ತನಗೂ ಸಂಬಂಧವೇ ಇಲ್ಲದ ಒಂದು ಕಾರು ಗೋಡೆಗೆ ಉಜ್ಜಿ ತಗಡಿನ ಚೂರೊಂದನ್ನು ಬೀಳಿಸಿ ಹೋಯಿತು. ಗಾರ್ಲಂಡನ ಹಿಂದಿನ ಬಲ ಟೈರು ಹರಿದದ್ದು ಅದರ ಮೇಲೆ. ಟ್ವೈಲಾ ರೇಡಿಯೋದಲ್ಲಿ ಎಚ್ಚರಿಸುವಷ್ಟರಲ್ಲಿ ಕಾರು ಅಡ್ಡ ತಿರುಗಿ ಹುಲ್ಲಿಗೆ ಇಳಿದಾಗಿತ್ತು. ಕಪ್ ಕೋಲ್ಬಿ ಬ್ರಾಲಿ ಎಂಬ ಹುಡುಗನಿಗೆ ಹೋಯಿತು. ಬೇಸಿಗೆಯಲ್ಲಿ ಒಂದೇ ಒಂದು ಸಲ ಗೆದ್ದು, ಹೇಗೋ ನಾಲ್ಕನೆಯವನಾಗಿ ತೂರಿಕೊಂಡಿದ್ದವನು.

ಕೋಲ್ಬಿ ಟೋಪಿ ಕೈಯಲ್ಲಿ ಹಿಡಿದು ಬಂದ. "ಮಿಸ್ಟರ್ ಗಾರ್ಲಂಡ್, ನನಗೆ ಏನ್ ಹೇಳ್ಬೇಕೋ ತಿಳೀತಿಲ್ಲ."

"ಏನೂ ಹೇಳ್ಬೇಡಪ್ಪ. ನೀನು ಚೆನ್ನಾಗೇ ಓಡಿಸ್ದೆ. ಹೋಗು, ಫೋಟೋ ತೆಗೆಸ್ಕೋ."

ಆ ಮಾತು ಮುಗಿಸಿ ಗಾರ್ಲಂಡ್ ನೇರವಾಗಿ ರಾಯ್ಸ್ ನಿಂತಿದ್ದ ತಿಂಡಿ ಮಾರುವ ಕಿಟಕಿಯ ಬಳಿ ಹೋದ. ದಾರಿಯಲ್ಲಿ ಬಿದ್ದಿದ್ದ ಡಬ್ಬವೊಂದನ್ನು ಒದ್ದು ಮುಂದೆ ನಡೆದ. ಅದು ಸಿಟ್ಟೆಂದು ಅವನಿಗೆ ಮೊದಲು ತಿಳಿಯಲೇ ಇಲ್ಲ, ಅಷ್ಟು ಅಪರೂಪದ ವಸ್ತು.

"ಬೇಸಿಗೆ ಪೂರ್ತಿ ನಾನು ಓಡ್ಸಿದ್ದು ಏನು ರಾಯ್ಸ್? ಗಾಳೀಲಿ ಹೋಯ್ತಾ?"

"ಗಾರ್ಲಂಡ್, ಸ್ಟ್ಯಾಂಡ್ ನೋಡು. ಯಾವತ್ತಾದ್ರೂ ಸೆಪ್ಟೆಂಬರ್‌ನಲ್ಲಿ ಇಷ್ಟು ಜನ ನೋಡಿದ್ಯಾ? ಫುಟ್‌ಬಾಲ್‌ನಲ್ಲಿ ಇರೋದೂ ಇದೇ ತಾನೇ? ಒಂದು ದಿನ, ಒಂದು ಆಟ, ಗೆದ್ದವನಿಗೆ ಕಪ್."

"ಫುಟ್‌ಬಾಲ್ ಫೈನಲ್‌ನಲ್ಲಿ ಎರಡೇ ತಂಡ ಆಡೋದು. ಸೋತು ಮನೆಗೆ ಹೋದವರೆಲ್ಲ ಮೈದಾನಕ್ಕಿಳಿದು ಕಾಲಿಗೆ ಅಡ್ಡ ಬರ್ತಾರಾ? ನನ್ನ ಟೈರು ಹರಿದದ್ದು ಕಪ್ಪಿಗೆ ಓಡ್ತಿದ್ದ ಆ ಮೂವರಲ್ಲಿ ಒಬ್ಬನಿಂದ ಆಗಿದ್ರೆ ನಾನು ಇಲ್ಲಿ ನಿಲ್ತಾನೂ ಇರ್ಲಿಲ್ಲ."

"ಅದೃಷ್ಟ ಅನ್ನೋದು ಓಟದಲ್ಲಿ ಯಾವಾಗ್ಲೂ ಇದ್ದದ್ದೇ."

"ಇದೆ. ಅದಕ್ಕೇ ಬೇಸಿಗೆಯೆಲ್ಲ ಓಡ್ಸೋದು. ಒಂದು ವಾರ ಕೈ ಕೊಟ್ರೆ ಇನ್ನೊಂದು ವಾರ ಕೈ ಹಿಡಿಯುತ್ತೆ ಅಂತ. ನೀನು ಅದನ್ನೆಲ್ಲ ಕಿತ್ತು ಒಂದು ಮಧ್ಯಾಹ್ನಕ್ಕೆ ಕಟ್ಟಿಹಾಕಿದ್ದೀಯ."

ರಾಯ್ಸ್ ಅವನ ಬೆನ್ನು ತಟ್ಟಲು ಕೈ ಎತ್ತಿದ. ಗಾರ್ಲಂಡ್ ಆ ಕೈಯನ್ನೇ ನೋಡಿದ ರೀತಿಗೆ ಅದು ಅರ್ಧದಲ್ಲೇ ಇಳಿಯಿತು.

ಆ ಚಳಿಗಾಲ ಟ್ವೈಲಾಗೆ ಹೊಸ ಗಂಡನ ಜೊತೆ ಸಂಸಾರ ಮಾಡಿದ ಹಾಗಾಯಿತು. ರಾಯ್ಸ್‌ನ ಓಟದ ಜಾಹೀರಾತು ಅಂಟಿಸಿದ್ದಾರೆಂದು ಗಾರ್ಲಂಡ್, ಇಪ್ಪತ್ತು ವರ್ಷದಿಂದ ಹಂದಿಮಾಂಸ ತಿನ್ನಲು ಹೋಗುತ್ತಿದ್ದ ಹೋಟೆಲನ್ನೇ ಬಿಟ್ಟ. ಕಾರ್ಖಾನೆಯಲ್ಲಿ ಅವನ ಮೊಳೆ ಹೊಡೆಯುವ ಗನ್ನಿನ ಸದ್ದು ದೂರದಿಂದಲೇ ಕೇಳಿ, ಪಾಳಿಯವರು ಅವನ ಹತ್ತಿರ ಮಾತಿಗೆ ಹೋಗುತ್ತಿರಲಿಲ್ಲ. "ಸೋಫಾ ಮೇಲೆ ಸಿಟ್ಟು ತೀರಿಸ್ಕೊಂಡ್ರೆ ಅದ್ರ ಮೇಲೆ ಕೂತೋರ ಗತಿ ಏನು?" ಎಂದು ಟ್ವೈಲಾ ಕೇಳಿದರೆ ಅವನು ನಗಲಿಲ್ಲ.

ಮುಂದಿನ ವರ್ಷ ಕಾರಿಗೆ ಏನಾಯಿತೋ, ಹಳೆಯ ಜೀವ ಬರಲೇ ಇಲ್ಲ. ಒಂದು ಓಟವನ್ನೂ ಗೆಲ್ಲಲಾಗಲಿಲ್ಲ. ಆ ಬೇಸಿಗೆ ನಡೀನ್ ಪ್ರಾಪ್ಸ್ಟ್‌ಳದು. ಸಾಕಣೆ ಕೇಂದ್ರಗಳಿಂದ ಕೋಳಿಗಳನ್ನು ತುಂಬಿಕೊಂಡು ಲಾರಿ ಓಡಿಸುವವಳು, ನಲವತ್ತರ ಆಸುಪಾಸಿನ ಒಂಟಿ ಹೆಂಗಸು, ಮಾತು ಕಡಿಮೆ. ಶನಿವಾರದ ಮೇಲೆ ಶನಿವಾರ ಗೆದ್ದಳು. ಗಾರ್ಲಂಡ್ ಐದನೇ, ಆರನೇ ಸ್ಥಾನಗಳನ್ನು ಪೋಣಿಸಿಕೊಂಡು ಕೊನೆಯ ವಾರ ನಾಲ್ಕನೆಯವನಾಗಿ ಒಳಗೆ ಬಿದ್ದ.

ಫೈನಲಿನಲ್ಲಿ ನಡೀನ್ ಮುಂದೆ ಹೋಗುತ್ತಿದ್ದಳು. ಕೊನೆಗೆ ಕೆಲವೇ ಸುತ್ತು ಬಾಕಿ ಇದ್ದಾಗ ಅವಳೆದುರಿಗೆ ಒಂದು ನಿಧಾನದ ಕಾರು ಗಿರಕಿ ಹೊಡೆಯಿತು. ತಪ್ಪಿಸಲು ಜಾಗವೇ ಇರಲಿಲ್ಲ. ಕಪ್ಪಿನ ನಾಲ್ವರಲ್ಲಿ ಇನ್ನಿಬ್ಬರೂ ಅವಳ ಬೆನ್ನಿಗೇ ಇದ್ದರು, ಅವರೂ ಸಿಕ್ಕಿಕೊಂಡರು. ಬಹಳ ಹಿಂದಿದ್ದ ಗಾರ್ಲಂಡ್‌ಗೆ ಟ್ವೈಲಾ ಹೇಳಿದಳು: "ಒಳಬದಿಗೆ ಇಳಿ, ಒಳಬದಿಗೆ, ದಾರಿ ಇದೆ." ಹೊಗೆಯಲ್ಲಿ ನುಗ್ಗಿ ಈಚೆ ಬಂದ. ಓಟ ಮುಗಿದಾಗ ಅವನು ಐದನೆಯವನು. ಆದರೆ ಆ ನಾಲ್ವರಲ್ಲಿ ಮೊದಲನೆಯವನು.

ಸ್ಟ್ಯಾಂಡು ಎದ್ದು ನಿಂತಿತು. ಹೋದ ವರ್ಷದ ಅನ್ಯಾಯ ಸರಿಹೋಯಿತು ಎಂದು ಧ್ವನಿವರ್ಧಕದಲ್ಲಿ ಕೂಗುತ್ತಿದ್ದರು. ಕಾರಿನೊಳಗೆ ಕೂತೇ ಅದನ್ನು ಕೇಳಿಸಿಕೊಂಡ ಗಾರ್ಲಂಡನ ಕಿವಿ ಸುಟ್ಟಂತಾಯಿತು. ಇಡೀ ಬೇಸಿಗೆ ಒಂದೂ ಓಟ ಗೆಲ್ಲದವನು, ಇವತ್ತೂ ಗೆಲ್ಲದವನು, ಅವನಿಗೆ ಕಪ್. ರಾಯ್ಸ್ ನಗುತ್ತ ಮೈಕು ಕೊಟ್ಟ.

"ಇದು ನಂದಲ್ಲ," ಎಂದ ಗಾರ್ಲಂಡ್. "ಹೋದ ವರ್ಷ ನನ್ನಿಂದ ಕಿತ್ಕೊಂಡ್ರಿ, ಈ ವರ್ಷ ಇನ್ನೊಬ್ಬಳಿಂದ ಕಿತ್ತು ನನ್ನ ಕೈಗೆ ಇಡ್ತಿದ್ದೀರಿ. ಎರಡು ಕಳ್ಳತನ ಸೇರಿದ್ರೆ ನ್ಯಾಯ ಆಗಲ್ಲ. ಇದು ನಡೀನ್‌ದು."

ಮೈಕನ್ನು ನೆಲಕ್ಕೆ ಬಿಟ್ಟು, ಕಪ್ಪನ್ನು ಕಂಕುಳಲ್ಲಿಟ್ಟುಕೊಂಡು, ಮೈದಾನ ದಾಟಿ ನಡೀನಳ ಗಾಡಿಯ ಬಳಿಗೆ ನಡೆದ. ಹಿಂದೆ ಜನ ಚಪ್ಪಾಳೆ ತಟ್ಟುತ್ತಿದ್ದರು. ನಡೀನ್ ಮಣಿಕಟ್ಟಿಗೆ ಮಂಜುಗಡ್ಡೆ ಕಟ್ಟಿಕೊಂಡು ಕೂತಿದ್ದಳು. ಅವನು ಕಪ್ಪನ್ನು ಅವಳ ಗಾಡಿಯ ಬಾನೆಟ್ ಮೇಲೆ ಇಟ್ಟ.

"ತೆಗಿ ಅದನ್ನ," ಎಂದಳು.

"ನಡೀನ್, ಇದು ನಿಂದು. ಎಲ್ಲರಿಗೂ ಗೊತ್ತು."

"ಎಲ್ಲರಿಗೂ ಗೊತ್ತಿದ್ರೆ ನೀನು ಯಾಕೆ ಹೇಳೋಕೆ ಬಂದೆ? ಚಪ್ಪಾಳೆ ಕೇಳಿಸ್ತಾ ಇದ್ಯಾ? ಅದು ಯಾರಿಗೆ?"

ಗಾರ್ಲಂಡ್ ಸ್ಟ್ಯಾಂಡಿನ ಕಡೆ ತಿರುಗಿ ನೋಡಿದ.

"ನಾಳೆ ಊರೆಲ್ಲ ಮಾತಾಡೋದು ಗಾರ್ಲಂಡ್ ಎಷ್ಟು ದೊಡ್ಡ ಮನುಷ್ಯ ಅಂತ. ಬೇಸಿಗೆ ಪೂರ್ತಿ ಗೆದ್ದವಳು ನಾನು, ಕಥೆ ಮಾತ್ರ ನಿಂದು. ರಾಯ್ಸ್ ಕಪ್ ಕಿತ್ಕೊಂಡ, ಉಳಿದದ್ದನ್ನ ನೀನು ಕಿತ್ಕೊಂಡೆ." ಅವಳು ಎದ್ದು, ಒಳ್ಳೆಯ ಕೈಯಿಂದ ಕಪ್ಪನ್ನು ಅವನ ಎದೆಗೆ ಒತ್ತಿದಳು. "ಸಿಟ್ಟು ನಿಜವಾಗ್ಲೂ ಇದ್ರೆ ಆ ನಿಯಮ ತೆಗ್ಸು. ನನಗೆ ದಾನ ಕೊಡ್ಬೇಡ."

ಮನೆಗೆ ಹೋಗುವ ದಾರಿಯಲ್ಲಿ ಕಪ್ ಹಿಂದಿನ ಸೀಟಿನಲ್ಲಿ ಉರುಳಾಡುತ್ತಿತ್ತು. ಟ್ವೈಲಾ ಅಂದಳು: "ಅವಳು ಹೇಳಿದ್ದು ಸರಿ ಕಣೋ. ನನಗೆ ಬೇಜಾರು, ಆದ್ರೂ ಸರಿ."

ಚಳಿಗಾಲದಲ್ಲಿ ಚಾಲಕರ ಸಭೆ ಅಗ್ನಿಶಾಮಕದವರ ಹಾಲಿನಲ್ಲಿ ಸೇರಿತು. ಅದಕ್ಕೂ ಮೊದಲು ಗಾರ್ಲಂಡ್ ಒಬ್ಬೊಬ್ಬ ಚಾಲಕನ ಮನೆಗೂ ಗ್ಯಾರೇಜಿಗೂ ಹೋಗಿ ಬಂದಿದ್ದ. ಎಲ್ಲರೂ ಕಾಫಿ ಕೊಟ್ಟಿದ್ದರು, ಎಲ್ಲರೂ ತಲೆಯಾಡಿಸಿದ್ದರು. ರಾಯ್ಸ್ ಕೂಡ, ಓಡಿಸುವವರು ಬೇಡವೆಂದರೆ ಪ್ಲೇಆಫ್ ಬಿಟ್ಟುಬಿಡುತ್ತೇನೆ ಎಂದು ಎಲ್ಲರೆದುರು ಒಪ್ಪಿದ. ಗಾರ್ಲಂಡ್ ಎದ್ದು ಹೇಳಬೇಕಾದದ್ದನ್ನೆಲ್ಲ ಹೇಳಿದ. ಹಳೆಯ ಲೆಕ್ಕ ಬೇಕೆನ್ನುವವರು ಕೈ ಎತ್ತಿ ಎಂದಾಗ ಎದ್ದ ಕೈಗಳು ಬೆರಳೆಣಿಕೆಯಷ್ಟು. ನಡೀನಳದು ಅದರಲ್ಲೊಂದು. ಕೋಲ್ಬಿ ಕೈ ಎತ್ತಲಿಲ್ಲ.

ಗಾರ್ಲಂಡ್ ಅವನನ್ನೇ ನೋಡಿದ. ಹುಡುಗ ಕಣ್ಣು ತಪ್ಪಿಸಲಿಲ್ಲ.

"ಮಿಸ್ಟರ್ ಗಾರ್ಲಂಡ್, ನೀವು ಹೇಳೋದೆಲ್ಲ ನಿಜ. ಆದ್ರೆ ಹಳೇ ಲೆಕ್ಕದಲ್ಲಿ ನಮ್ಮಂಥವರ ಬೇಸಿಗೆ ಜೂನ್‌ಗೇ ಮುಗಿದುಹೋಗುತ್ತೆ. ಹೀಗಿದ್ರೆ ಕೊನೇ ದಿನದವರೆಗೆ ಒಂದಾಸೆ ಇರುತ್ತೆ. ಅದನ್ನ ಕೊಟ್ಟುಬಿಡಿ ಅಂದ್ರೆ ಹೇಗೆ?"

"ನಿಮಗೆ ಬೇಕಾಗಿರೋದು ಓಟ ಅಲ್ಲ," ಎಂದ ಗಾರ್ಲಂಡ್, "ಲಾಟರಿ. ಚಕ್ರ ಇರೋ ಲಾಟರಿ." ಕುರ್ಚಿ ಒದ್ದು ಹೊರಬಂದ. ಮರುದಿನ ಕಪ್ಪನ್ನು ಒಯ್ದು ರಾಯ್ಸ್‌ನ ಟಿಕೆಟ್ ಕಿಟಕಿಯಲ್ಲಿಟ್ಟು, ಗೇಟಿನಲ್ಲಿ ಚಾಂಪಿಯನ್ನರ ಹೆಸರು ಬರೆಯುವ ಫಲಕದಿಂದ ತನ್ನ ಹೆಸರು ಅಳಿಸೆಂದು ಕೇಳಿದ. ನಿಯಮದ ಪ್ರಕಾರ ಗೆದ್ದವನು ನೀನೇ, ನಾನು ಅಳಿಸಲಾರೆ ಎಂದ ರಾಯ್ಸ್. ಆ ಹೆಸರು ಇವತ್ತಿಗೂ ಅಲ್ಲಿದೆ. ಆ ದಾರಿಯಲ್ಲಿ ಹೋಗಬೇಕಾದಾಗಲೆಲ್ಲ ಗಾರ್ಲಂಡ್ ಸುತ್ತು ಬಳಸಿ ಹೋಗುತ್ತಾನೆ.

ವಸಂತ ಬಂದಾಗ ಅವನು ಕಾರನ್ನು ರಾಜ್ಯದ ಗಡಿಯಾಚೆ ವರ್ಜೀನಿಯಾದ ಒಂದು ಸಣ್ಣ ಮೈದಾನಕ್ಕೆ ಎಳೆದುಕೊಂಡು ಹೋದ. ಅಲ್ಲಿ ಬೇಸಿಗೆಯ ಪಾಯಿಂಟೇ ಪಾಯಿಂಟು. ಸೆಪ್ಟೆಂಬರಿನಲ್ಲಿ ಆ ಸ್ಟ್ಯಾಂಡು ಭಣಗುಟ್ಟುತ್ತಿತ್ತು, ರಾಯ್ಸ್ ಹೇಳಿದ ಹಾಗೆಯೇ.

ಅದೇ ತಿಂಗಳು ನಡೀನ್ ಬ್ರಷಿ ಫೋರ್ಕ್‌ನಲ್ಲಿ ಕಪ್ ಗೆದ್ದಳು. ಬೇಸಿಗೆಯಲ್ಲೂ ಅವಳೇ ಮೊದಲು, ಫೈನಲಿನಲ್ಲೂ ಅವಳೇ. ಗಾರ್ಲಂಡ್‌ಗೆ ಫೋನು ಮಾಡಿದಳು.

"ನೀನು ಯಾವ ಲೆಕ್ಕದಲ್ಲಾದ್ರೂ ಗೆಲ್ತಿದ್ದೆ," ಎಂದ ಗಾರ್ಲಂಡ್.

"ನಾನೂ ಅದನ್ನೇ ಹೇಳ್ದೆ. ಯಾರೂ ಕೇಳಿಸ್ಕೊಳ್ಳಲಿಲ್ಲ. ಎಲ್ಲರದೂ ಫೈನಲ್‌ನ ಕೊನೇ ತಿರುವಲ್ಲಿ ನಾನು ಮುಂದೆ ನುಗ್ಗಿದ ಮಾತೇ. ಅದೃಷ್ಟ ಅಂದ್ರೆ ನಿಂದು ಅಂತಾರೆ. ಅದೃಷ್ಟವಂತೆಯಂತೆ ನಾನು." ಅವಳ ದನಿ ಗಟ್ಟಿಯಾಯಿತು. "ನೀನು ಎಷ್ಟನೆಯವನು?"

"ಮೂರು."

"ಬೇಜಾರಾ?"

"ಇಲ್ಲ. ಇಬ್ಬರು ನನಗಿಂತ ಚೆನ್ನಾಗಿ ಓಡಿಸಿದ್ರು, ಅಷ್ಟೇ," ಎಂದ ಗಾರ್ಲಂಡ್. ಆಮೇಲೆ ಇಬ್ಬರೂ ಬಹಳ ಹೊತ್ತು ರಾಯ್ಸ್‌ನನ್ನು ಬೈದರು.