ಕರಿ ಹುಂಜದ ಬಿಳಿ ಗರಿ

ಹುಣಸೂರಿನ ನಮ್ಮ ಬಾಡಿಗೆ ಮನೆಯ ಕೆಳಗೊಂದು ಕೋಳಿ ಅಂಗಡಿಯಿದೆ. ಭಾನುವಾರ ಬೆಳಗ್ಗೆ ಪುಕ್ಕ ಸುಟ್ಟ ಕಮಟು ಕಿಟಕಿಯಿಂದ ಒಳಗೆ ಬಂದರೆ ಸಾಕು, ಈ ವಯಸ್ಸಿನಲ್ಲೂ ನಾನು ಎದ್ದು ಕಿಟಕಿ ಮುಚ್ಚುತ್ತೇನೆ. ವೀರನಹೊಸಹಳ್ಳಿ ಕಡೆಯ ನಮ್ಮೂರು, ಅಜ್ಜಿ, ಅವಳ ಕೋಳಿಗಳು ಎಲ್ಲ ಎದುರಿಗೆ ಬಂದು ನಿಲ್ಲುತ್ತವೆ. ನಿಮ್ಮ ಮನೆಯಂಗಳದಲ್ಲೂ ಬಣ್ಣಬಣ್ಣದ ಕೋಳಿಗಳು ಕೆದಕಿಕೊಂಡು ಓಡಾಡಿರಬಹುದು. ನಮ್ಮಲ್ಲಿ ಇದ್ದದ್ದು ಕರಿಯವು ಮಾತ್ರ. ಮಾರಮ್ಮನಿಗೆ ಕರಿಕೋಳಿ ಹರಕೆ ಹೊತ್ತವರು ಪಿರಿಯಾಪಟ್ಟಣದಿಂದೆಲ್ಲ ಅಜ್ಜಿಯನ್ನು ಹುಡುಕಿಕೊಂಡು ಬರುತ್ತಿದ್ದರು. ಹರಕೆಯ ಕೋಳಿಯಲ್ಲಿ ಬೇರೆ ಬಣ್ಣದ ಒಂದು ಗರಿಯೂ ಇರಬಾರದು. ಅದಕ್ಕೇ ಅಜ್ಜಿ ಪುಕ್ಕ ಬಲಿತ ಮರಿಗಳನ್ನೆಲ್ಲ ಮಡಿಲಲ್ಲಿ ಮಲಗಿಸಿ, ರೆಕ್ಕೆ ಬಿಡಿಸಿ, ಬುಡಕ್ಕೆ ಉಫ್ ಎಂದು ಊದಿ ನೋಡುವಳು. ಚೂರು ಬಿಳಿ ಕಂಡದ್ದು ಸಾರಿಗೆ, ಅಪ್ಪಟ ಕಪ್ಪಾದದ್ದು ಹರಕೆಗೆ, ತಳಿ ಬೆಳೆಸಲಿಕ್ಕೆ. ಪಕ್ಕದ ಮನೆಯ ಕೆಂಪು ಹುಂಜ ಬೇಲಿ ದಾಟಿ ಬಂದರೆ ಪೊರಕೆ ಹಿಡಿದು ಅಟ್ಟುವಳು. ಅವಳ ಕೋಪಕ್ಕೆ ನಾಯಿಯೂ ಹೆದರುತ್ತಿತ್ತು, ನಾನಂತೂ ಬಿಡಿ.

ಎರಡು ಸಲ ಗರ್ಭ ನಿಲ್ಲದೆ ಸೋತಿದ್ದ ಚಿಕ್ಕವ್ವ ಮತ್ತೆ ಬಸುರಿಯಾದಾಗ, ತಾಯಿ ಮಗು ಇಬ್ಬರೂ ಉಳಿಯಲಿ ಎಂದು ಅಜ್ಜಿ ಒಂದು ಹುಂಜವನ್ನು, ಹೆರಿಗೆಗೆ ಮೊದಲೇ ಒಪ್ಪಿಸುವೆನೆಂದು, ಮಾರಮ್ಮನಿಗೆ ಮುಡಿಪಿಟ್ಟಳು. ಮುಡಿಪಿಟ್ಟದ್ದನ್ನು ಬದಲಿಸುವಂತಿಲ್ಲ. ಹರಕೆ ತೀರಿಸುವ ಬೆಳಗ್ಗೆ, ಒಂಬತ್ತು ವರ್ಷದ ನಾನು ಕೋಳಿ ಮುಚ್ಚಿದ್ದ ಬಿದಿರ ಮಂಕರಿ ಎತ್ತಿ ಹುಂಜವನ್ನು ಹಿಡಿದು, ಅಜ್ಜಿಯ ಹಾಗೆ ಊದಿ ನೋಡಿದೆ. ಎಡ ರೆಕ್ಕೆಯ ಅಡಿಯಲ್ಲಿ ಬೆರಳುದ್ದದ ಬಿಳಿ ಗರಿ. ಹಿಂದೆಮುಂದೆ ನೋಡದೆ ಕಿತ್ತು ಒಲೆಗೆ ಹಾಕಿಬಿಟ್ಟೆ. ಹುಂಜ ಗುಡಿಗೆ ಹೋಯಿತು.

ಮೂರನೆಯ ದಿನವೇ, ದಿನ ತುಂಬುವ ಮೊದಲು, ಚಿಕ್ಕವ್ವನಿಗೆ ನೋವು ಕಾಣಿಸಿಕೊಂಡಿತು. ಜೀಪಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದರು. ಅವಳ ಸೀರೆಯ ಮೇಲೆ ರಕ್ತ ಕಂಡೆ. ದೇವರಿಗೆ ಮೋಸ ಮಾಡಿದವಳು ನಾನು, ಸಾಯುವವಳು ಚಿಕ್ಕವ್ವ ಎಂದುಕೊಂಡು ಜೀಪು ಹೋದ ದಾರಿಯನ್ನೇ ನೋಡುತ್ತ ಕೂತೆ. ಎರಡು ದಿನ ಸುದ್ದಿಯಿಲ್ಲ. ಕೊನೆಗೆ ತಡೆಯಲಾರದೆ, ಕೋಳಿಗಳಿಗೆ ರಾಗಿ ಚೆಲ್ಲುತ್ತಿದ್ದ ಅಜ್ಜಿಯ ಸೆರಗು ಹಿಡಿದು ಎಲ್ಲ ಹೇಳಿದೆ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ನನ್ನ ಬಾಯಿ ಮುಚ್ಚಿದಳು. ಯಾರಾದರೂ ಕೇಳಿಸಿಕೊಂಡರೇನೋ ಎಂದು ಬೇಲಿಯಾಚೆ ನೋಡಿದಳು.

"ಯಾರ್ಗೂ ಯೋಳ್ಬ್ಯಾಡ ಕಣವ್ವ," ಅಂದಳು. "ಮುಡಿಪಿಟ್ ಮ್ಯಾಕೆ ಬಲಗಡೆ ರೆಕ್ಕೆಲೂ ಎಲ್ಡು ಬಿಳೀವು ಹುಟ್ಟಿದ್ದೊ. ನಾನೇ ಕಿತ್ತಾಕ್ದೆ."

ದೊಡ್ಡವರಿಗೆ ಭಯವಿರುವುದಿಲ್ಲ ಎಂದು ನಾನು ಅಲ್ಲಿಯವರೆಗೆ ನಂಬಿದ್ದೆ. ಅಜ್ಜಿಯ ಭಯ ಕಂಡ ಮೇಲೆ ನನ್ನದು ಎರಡರಷ್ಟಾಯಿತು.

ಚಿಕ್ಕವ್ವ ಉಳಿದಳು, ಹೆಣ್ಣು ಮಗುವನ್ನು ಎತ್ತಿಕೊಂಡು ಮನೆಗೆ ಬಂದಳು. ಹರಕೆ ಫಲಿಸಿತು ಎಂದು ಊರೆಲ್ಲ ಅಂದಿತು. ಆಮೇಲೆ ಅಜ್ಜಿ ಯಾರಿಗೂ ಹರಕೆಗೆ ಕೋಳಿ ಕೊಡಲಿಲ್ಲ, ಕೆಂಪು ಹುಂಜ ಬಂದರೂ ಅಟ್ಟಲಿಲ್ಲ. ಎರಡು ವರ್ಷದೊಳಗೆ ಆ ಕರಿ ತಳಿಯೇ ಇಲ್ಲವಾಯಿತು. ಮಗುವಿಗೆ ಮೈ ಬಿಸಿಯಾದಾಗಲೆಲ್ಲ ಅಜ್ಜಿಯೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು.

ಅಜ್ಜಿ ಹೋಗಿ ಬಹಳ ವರ್ಷವಾಯಿತು, ಆ ಮನೆಯೂ ಈಗಿಲ್ಲ. ಕಳೆದ ತಿಂಗಳು ಆ ಮಗು, ಈಗ ಎರಡು ಮಕ್ಕಳ ತಾಯಿ, ಡೆಂಗಿ ಬಂದು ಆಸ್ಪತ್ರೆ ಸೇರಿದಳು. ನಾಲ್ಕು ದಿನಕ್ಕೆ ಗುಣವಾಗಿ ಮನೆಗೂ ಬಂದಳು. ಆದರೆ ಆ ನಾಲ್ಕು ದಿನ ನಾನೊಬ್ಬಳೇ ಹೆದರಬೇಕಾಯಿತು.