ಖಾಲಿ ಸೈಟಿನ ಬಿಸಿಲು

ಗೌರಿಬಿದನೂರಿನಲ್ಲಿ ಇದ್ದಷ್ಟು ಕಾಲ ಚಳಿಗಾಲವೆಂದರೆ ನನಗೆ ಇಷ್ಟವೇ ಆಗಿತ್ತು. ಅಲ್ಲಿನ ಬಾಡಿಗೆ ಮನೆಗೆ ಮುಂದೊಂದು ಅಂಗಳವಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ಬಿಸಿಲು ನೇರವಾಗಿ ನಡುಮನೆಯವರೆಗೂ ಬರುತ್ತಿತ್ತು. ನಾನು ಹತ್ತಿರದ ಶಿಶುವಿಹಾರದಲ್ಲಿ ಟೀಚರಾಗಿದ್ದೆ. ನಮ್ಮವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಅವರಿಗೆ ಚಿಕ್ಕಬಳ್ಳಾಪುರಕ್ಕೆ ವರ್ಗವಾದಾಗ ನಾನು ಕೆಲಸ ಬಿಟ್ಟೆ. ಮಗಳನ್ನು ಹೊಸ ಶಾಲೆಗೆ ಸೇರಿಸಿ, ಊರಂಚಿನ ಬಡಾವಣೆಯಲ್ಲಿ ಕೆಳಗಿನ ಮನೆಯೊಂದನ್ನು ಹಿಡಿದೆವು. ಪೂರ್ವಕ್ಕೆ ದೊಡ್ಡ ಕಟ್ಟಡವೊಂದು ಅಡ್ಡ ನಿಂತಿತ್ತು. ನಾವು ಹೋದದ್ದು ಬೇಸಿಗೆಯಲ್ಲಿ. ಮನೆ ತಂಪಾಗಿದೆಯೆಂದು ಖುಷಿಪಟ್ಟು ಅಡ್ವಾನ್ಸ್ ಕೊಟ್ಟಿದ್ದೆವು.

ದೀಪಾವಳಿ ಕಳೆದ ಮೇಲೆ ಆ ತಂಪು ಏನೆಂದು ತಿಳಿಯಿತು. ಬೆಟ್ಟದ ಕಡೆಯಿಂದ ಇಳಿದ ಮಂಜು ಬೀದಿಯಲ್ಲೇ ಕೂತುಬಿಡುತ್ತಿತ್ತು. ಅದು ಸರಿದರೂ ನಮ್ಮ ಅಡುಗೆಮನೆಯಲ್ಲಿ ಮಧ್ಯಾಹ್ನದವರೆಗೆ ಲೈಟು ಉರಿಯುತ್ತಿರಬೇಕು. ಇವರು ಆಫೀಸಿಗೆ, ಮಗಳು ಶಾಲೆಯ ವ್ಯಾನಿಗೆ ಹೊರಟರೆ ನಾನು ಬಾಗಿಲು ಹಾಕಿಕೊಂಡು ಮತ್ತೆ ರಗ್ಗಿನೊಳಗೆ ಸೇರುತ್ತಿದ್ದೆ. ನಿದ್ದೆ ಬರುತ್ತಿರಲಿಲ್ಲ, ಏಳಲೂ ಆಗುತ್ತಿರಲಿಲ್ಲ. ಸಿಂಕಿನಲ್ಲಿ ಪಾತ್ರೆ ಒಣಗುತ್ತಿತ್ತು. ಅಮ್ಮ ಫೋನ್ ಮಾಡಿದರೆ ಅದು ಬಡಿದುಕೊಂಡು ತಾನಾಗಿ ನಿಲ್ಲುವವರೆಗೆ ನೋಡುತ್ತಾ ಮಲಗಿರುತ್ತಿದ್ದೆ. ಯಾವ ದುಃಖವೂ ಇರಲಿಲ್ಲ. ಇದ್ದಿದ್ದರೆ ಹೇಳಿಕೊಳ್ಳಲು ಒಂದು ಕಾರಣವಾದರೂ ಸಿಗುತ್ತಿತ್ತು.

ಸಂಕ್ರಾಂತಿ ಕಳೆದು ಬಿಸಿಲು ಬಲಿಯುತ್ತಿದ್ದಂತೆ ಮಂಕು ತಾನೇ ಹರಿಯಿತು. ಹೊಸ ಊರು, ಹೊಸ ಮನೆ, ಅದಕ್ಕೇ ಹಾಗಾಗಿತ್ತು ಎಂದುಕೊಂಡೆವು. ಮರುವರ್ಷ ಹಬ್ಬದ ಪಟಾಕಿ ಸದ್ದು ಅಡಗುವಷ್ಟರಲ್ಲಿ ಅದು ಮತ್ತೆ ಬಂದಾಗ ನಿಜಕ್ಕೂ ಹೆದರಿದೆ. ನಮ್ಮವರು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ರಕ್ತ ಪರೀಕ್ಷೆಯಲ್ಲಿ ದೊಡ್ಡ ತೊಂದರೆಯೇನೂ ಕಾಣಲಿಲ್ಲ. "ಬೆಳಕು ಕಮ್ಮಿಯಾದ್ರೆ ಕೆಲವರಿಗೆ ಮನಸ್ಸು ಹಿಂಗೆ ಕುಗ್ಗುತ್ತಮ್ಮ. ದಿನಾ ಬಿಸಿಲಿಗೆ ಹೋಗಿ, ನಾಲ್ಕು ಜನರ ಜತೆ ಮಾತಾಡಿ. ಆಗ್ಲೂ ಸರಿಹೋಗ್ಲಿಲ್ಲ ಅಂದ್ರೆ ಸುಮ್ನಿರ್ಬೇಡಿ, ಬನ್ನಿ" ಎಂದರು. ನಾನು ತಲೆಯಾಡಿಸಿ ಬಂದು ಮತ್ತೆ ಮಲಗಿದೆ. ಬಿಸಿಲಿಗೆ ಹೋಗಬೇಕಾದರೂ ಮೊದಲು ಏಳಬೇಕಲ್ಲ.

ಒಂದು ಬೆಳಿಗ್ಗೆ ಗೇಟು ಸದ್ದಾಯಿತು. ಎದುರು ಮನೆಯ ಆಂಟಿ. ಚಿಂತಾಮಣಿ ಕಡೆಯವರು, ಸರ್ಕಾರಿ ಶಾಲೆಯಲ್ಲಿ ಆಟದ ಮೇಡಂ ಆಗಿದ್ದು ರಿಟೈರಾದವರು. ಮನೆಯಲ್ಲಿ ಒಬ್ಬರೇ ಇರುತ್ತಿದ್ದರು. ಸೀರೆ, ಅದರ ಮೇಲೆ ಗಂಡಸರ ಸ್ವೆಟರು, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ಅಲ್ಲಿಯವರೆಗೆ ನಮ್ಮಿಬ್ಬರದು ಬರೀ ನಗುವಿನ ಪರಿಚಯ.

"ಏಮಮ್ಮಾ, ರಂಗೋಲಿ ಪುಡಿ ಇದ್ರೆ ಕೊಡ್ತೀಯಾ?" ಎಂದರು.

ಇದೆ ಎಂದೆ.

"ಇದ್ದೇ ಇರುತ್ತೆ ಬಿಡು. ನಿಮ್ಮ ಬಾಗ್ಲಲ್ಲಿ ರಂಗೋಲಿ ನೋಡಿ ಎಷ್ಟು ದಿನ ಆಯ್ತೋ!"

ನಾಚಿಕೆಯಿಂದ ಮುಖ ಬಿಸಿಯಾಯಿತು. ಆದರೆ ಅವರ ಮುಖದಲ್ಲಿ ಕೊಂಕು ಇರಲಿಲ್ಲ. ಡಬ್ಬ ತಂದು ಮುಂದೆ ಹಿಡಿದೆ. ಅವರು ಅದನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ. "ನೀನೇ ತಗೊಂಡ್ ಬಾ. ಹಗ್ಗದ ಆ ತುದಿ ಹಿಡ್ಕೊಳಾಕೆ ಒಬ್ರು ಬೇಕು" ಎಂದು ಮುಂದೆ ನಡೆದರು.

ಅವರ ಮನೆಯ ಪಕ್ಕದಲ್ಲಿ ಒಂದು ಖಾಲಿ ಸೈಟಿತ್ತು. ಅಲ್ಲಿದ್ದ ಕಾಂಗ್ರೆಸ್ ಗಿಡವನ್ನೆಲ್ಲ ಕಿತ್ತು, ನೆಲ ಗುಡಿಸಿ ಇಟ್ಟಿದ್ದರು. ಶಟಲ್ ಆಡಲು ಕೋರ್ಟು ಮಾಡಬೇಕಿತ್ತಂತೆ. ನಾನು ನೈಟಿಯ ಮೇಲೆ ಶಾಲು ಹೊದ್ದು ಹಗ್ಗ ಹಿಡಿದು ನಿಂತೆ. ಅವರು ಬಗ್ಗಿ, ಹಗ್ಗದ ಗುಂಟ ಪುಡಿ ಬಿಡುತ್ತಾ ಗೆರೆ ಎಳೆದರು. ಸೈಟಿನ ಪೂರ್ವಕ್ಕೆ ಏನೂ ಅಡ್ಡವಿರಲಿಲ್ಲ. ಮಂಜು ಕರಗಿ ಬಿಸಿಲು ಬೆನ್ನಿಗೆ ಬಿದ್ದಿತ್ತು. ನಮ್ಮ ಮನೆಯಿಂದ ಇಷ್ಟು ಹತ್ತಿರದಲ್ಲಿ ಇಷ್ಟೊಂದು ಬಿಸಿಲಿದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಆಡುವವರು ಆಂಟಿ ಮತ್ತು ಹಿಂದಿನ ಬೀದಿಯ ಇಬ್ಬರು ಹೆಂಗಸರು. ನನ್ನದು ಸೈಜುಗಲ್ಲಿನ ರಾಶಿಯ ಮೇಲೆ ಕೂತು, ಹೊರಗೆ ಬಿದ್ದ ಕಾಕ್ ಎತ್ತಿಕೊಡುವ ಕೆಲಸ. ಸೆರಗು ಸೊಂಟಕ್ಕೆ ಸಿಕ್ಕಿಸಿ ಆಂಟಿ ಹೊಡೆಯುತ್ತಿದ್ದ ಏಟಿಗೆ ಆ ಇಬ್ಬರೂ ಕಿರುಚಿ ಪಕ್ಕಕ್ಕೆ ಸರಿಯುತ್ತಿದ್ದರು. ಕೆಲವು ದಿನ ಕಳೆದ ಮೇಲೆ ನನ್ನ ಕೈಗೂ ಬ್ಯಾಟು ಬಂತು. ಮೊದಮೊದಲು ಬರೀ ಗಾಳಿಗೇ ಹೊಡೆದೆ.

ಹಾಗೆಂದು ದಿನವೂ ಹೋಗುತ್ತಿದ್ದೆ ಎಂದಲ್ಲ. ಒಂದು ಬೆಳಿಗ್ಗೆ ಅವರು ಗೇಟಿನಲ್ಲಿ ಕೂಗಿದರೂ ಏಳಲಾಗಲಿಲ್ಲ. ಕೊನೆಗೆ ಒಳಗೇ ಬಂದರು. ನಾನು ಗೋಡೆಗೆ ಒರಗಿ ಕೂತು ಅಳುತ್ತಿದ್ದೆ.

"ನನ್ ಕೈಲಿ ಆಗಲ್ಲ ಆಂಟಿ" ಎಂದೆ.

ಅವರು ಶೂ ಬಿಚ್ಚಿ ನನ್ನ ಪಕ್ಕ ನೆಲದ ಮೇಲೆ ಕೂತರು. "ರಿಟೈರಾದ ವರ್ಷ ನನಗೂ ಹಿಂಗೇ ಆಗಿತ್ತು ಕಣಮ್ಮ. ಬೆಲ್ ಹೊಡಿಯೋ ಹೊತ್ತಿಗೆ ರೆಡಿಯಾಗಿ ಕೂತ್ಬಿಡ್ತಿದ್ದೆ. ಎಲ್ಲಿಗೆ ಹೋಗ್ಲಿ? ನೀನು ಆಡಬ್ಯಾಡ. ಬಂದು ಕೂತ್ಕೋ. ಅಳೋದೇ ಆದ್ರೆ ಬಿಸಿಲಲ್ಲಿ ಕೂತು ಅಳು, ಮೈಯಾದ್ರೂ ಬೆಚ್ಚಗಿರುತ್ತೆ."

ಅಳುತ್ತಲೇ ನಗು ಬಂತು. ಹೋಗಿ ಕಲ್ಲಿನ ಮೇಲೆ ಕೂತೆ, ಅಲ್ಲೂ ಒಂದಿಷ್ಟು ಅಳು ಬಂತು. ಉಳಿದವರು ಏನನ್ನೂ ಕೇಳದೆ ಆಡಿಕೊಂಡರು. ಯಾರೋ ಫ್ಲಾಸ್ಕಿನಿಂದ ಕಾಫಿ ಸುರಿದು ಕೈಗಿಟ್ಟರು. ಮನೆಗೆ ಬಂದಾಗ ಹೊಟ್ಟೆ ಹಸಿದಿತ್ತು. ಹಸಿವು ಹೇಗಿರುತ್ತದೆ ಎಂಬುದೇ ಮರೆತುಹೋಗಿತ್ತು ನನಗೆ. ಆ ವಾರವೇ ಅವರೆಕಾಯಿ ತಂದು, ಕಾಳು ನೆನೆಸಿ, ಒಬ್ಬಳೇ ಕೂತು ಸಿಪ್ಪೆ ಹಿತಕಿ, ಹಿತಕಿದ ಬೇಳೆ ಸಾರು ಮಾಡಿ ಎದುರು ಮನೆಗೂ ಕೊಟ್ಟು ಬಂದೆ. ಸಂಜೆ ಮನೆಯೊಳಗೆ ಕಾಲಿಡುತ್ತಲೇ ಸೊಗಡಿನ ವಾಸನೆ ಹಿಡಿದ ನಮ್ಮವರು ಬೇಗ ಕೈಕಾಲು ತೊಳೆದು ಬಂದರು. ತಾವೇ ತಟ್ಟೆ ಹಾಕಿಕೊಂಡು ಕೂತರು.

ಬಿಸಿಲೊಂದರಿಂದಲೇ ಎಲ್ಲ ಸರಿಹೋಯಿತೆಂದು ಹೇಳಲಾರೆ. ಅದರ ಮುಂದಿನ ಚಳಿಗಾಲ ಇನ್ನೂ ಭಾರವಾಗಿತ್ತು. ಆಗ ಆಂಟಿಯೇ ಆಟೋ ಕರೆಸಿ ಡಾಕ್ಟರಮ್ಮನ ಹತ್ತಿರ ಕರೆದೊಯ್ದರು. ಕೆಲವು ತಿಂಗಳು ಮಾತ್ರೆ ನುಂಗಿದೆ. ಅದರಿಂದಲೂ ಅನುಕೂಲವಾಯಿತು. ಮಾತ್ರೆಯ ಜತೆಗೆ ಆಟವೂ ನಡೆದೇ ಇತ್ತು. ಈಗ ಹಬ್ಬ ಹತ್ತಿರವಾದರೆ ಮೊದಲಿನಷ್ಟು ಹೆದರಿಕೆಯಿಲ್ಲ. ಮಂಕು ಬರುತ್ತದೆ, ಬಂದದ್ದು ತಿಳಿಯುತ್ತದೆ, ನಮ್ಮವರಿಗೆ ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ಇಬ್ಬರೂ ಬೆಳಿಗ್ಗೆ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ನಡೆಯಲು ಹೋಗುತ್ತೇವೆ.

ಆ ಸೈಟಿನ ಒಡೆಯರು ಒಂದು ದಿನ ಪಾಯ ತೋಡಿಸಿದರು. ಅವರ ಜಾಗ, ಅವರು ಕಟ್ಟಿದರು. ಗೃಹಪ್ರವೇಶಕ್ಕೆ ಶಟಲ್ ಆಡುತ್ತಿದ್ದ ನಾವು ನಾಲ್ವರೂ ಹೋಗಿ ಊಟ ಮಾಡಿದೆವು. ಹೋಳಿಗೆ ಬಡಿಸುವಾಗ ಆಂಟಿ ನನ್ನ ಕಿವಿಯಲ್ಲಿ, "ಈಗ ನಾವು ನೆಟ್ ಕಟ್ತಿದ್ದ ಜಾಗದಲ್ಲೇ ಕೂತಿದೀವಿ ಕಣೇ" ಎಂದರು. ನಗು ತಡೆಯಲು ನೀರು ಕುಡಿದೆ. ಆ ಬೆಳಗುಗಳನ್ನು ನೆನೆದರೆ ಈಗಲೂ ಬೆನ್ನು ಬೆಚ್ಚಗಾಗುತ್ತದೆ.

ಮಂಡಿನೋವು ಹೆಚ್ಚಾದ ಮೇಲೆ ಆಂಟಿ ಮನೆ ಬಿಟ್ಟು ಚಿಂತಾಮಣಿಗೆ, ತಂಗಿಯ ಮನೆಗೆ ಹೋದರು. ಕಳೆದ ಚಳಿಗಾಲದಲ್ಲಿ ಹೋಗಿ ನೋಡಿಕೊಂಡು ಬಂದೆ. ಕೈವಾರದ ದೇವಸ್ಥಾನಕ್ಕೆ ಹೋಗಬೇಕೆಂದು ಹಟ ಹಿಡಿದರು. ಬಸ್ಸು ಹತ್ತುವಾಗ ಕೈ ಕೊಟ್ಟರೆ, "ನಾನೇ ಹತ್ತುತೀನಿ ಬಿಡಮ್ಮ" ಎಂದು ಸಿಡುಕಿ, ಎರಡನೆಯ ಮೆಟ್ಟಿಲಲ್ಲಿ ತಾವೇ ನನ್ನ ಭುಜ ಹಿಡಿದರು. ದೇವರಿಗೆ ಕೈಮುಗಿದು, ಊಟ ಮುಗಿಸಿ, ಬಸ್ಸಿಗೆ ಕಾಯುತ್ತಾ ಹೊರಗೆ ಕಟ್ಟೆಯ ಮೇಲೆ ಕೂತೆವು. ನನ್ನ ಮಗಳ ಕಾಲೇಜಿನ ವಿಷಯ ಕೇಳುತ್ತಾ ಕೇಳುತ್ತಾ ಆಂಟಿಗೆ ಹಾಗೇ ತೂಕಡಿಕೆ ಬಂತು, ತಲೆ ನನ್ನ ತೋಳಿಗೆ ವಾಲಿತು. ಚಿಂತಾಮಣಿಯ ಬಸ್ಸು ಬಂದು ನಿಂತಿತು, ಕಂಡಕ್ಟರು ಕೂಗಿದರು, ಹೊರಟಿತು. ಇನ್ನೊಂದು ಬರುತ್ತದೆಂದು ನಾನು ಅಲುಗದೆ ಕೂತೆ.